ಫೀಡ್‌ಬ್ಯಾಕ್ ಫಾರಂ ತುಂಬಿದವರಿಗೆಲ್ಲ ಸರ್ಟಿಫಿಕೇಟ್

ಕಥೆಗೆ ವಿಮರ್ಶೆ ಇದೆ, ಸಿನಿಮಾಗೆ ಇದೆ, ಈಗೀಗ ಬೆಣ್ಣೆದೋಸೆ ಹೋಟೆಲಿಗೂ ಸ್ಟಾರ್ ಕೊಟ್ಟು ವಿಮರ್ಶೆ ಬರೀತಾರೆ. ಆದರೆ 2020ರಿಂದ ಈಚೆಗೆ ನಮ್ಮ ಕಾಲೇಜು ಮೇಷ್ಟ್ರುಗಳು, ಮೇಡಮ್ಮುಗಳು ಗಂಟೆಗಟ್ಟಲೆ ಕೂತು ನೋಡಿದ ಒಂದು ಪ್ರಕಾರಕ್ಕೆ ಇನ್ನೂ ವಿಮರ್ಶಕರು ಸಿಕ್ಕಿಲ್ಲ. ಅದರ ಹೆಸರು ವೆಬಿನಾರ್. ಅದನ್ನೇ ಒಂದು ವಾರ ಎಳೆದರೆ ಎಫ್‌ಡಿಪಿ, ಅಂದರೆ ಪಾಠ ಮಾಡುವವರಿಗೇ ಪಾಠ ಮಾಡುವ ಕಾರ್ಯಕ್ರಮ. ದಾವಣಗೆರೆ, ಹರಿಹರದ ಕಡೆ ಕಾಲೇಜುಗಳಲ್ಲಿರುವ ನನ್ನ ಗೆಳೆಯರ ಫೋನುಗಳಲ್ಲಿ ಇಂಥವುಗಳ ಪಿಡಿಎಫ್ ಸರ್ಟಿಫಿಕೇಟುಗಳು ಅವರ ಮದುವೆ ಫೋಟೊಗಳಿಗಿಂತ ಜಾಸ್ತಿ ಇವೆ. ಹಾಗಾಗಿ ಈ ಪ್ರಕಾರವನ್ನು ಒಮ್ಮೆ ಗಂಭೀರವಾಗಿಯೇ ನೋಡೋಣ ಅನ್ನಿಸಿತು.

ಇದರ ರಚನೆ ಬಹಳ ಗಟ್ಟಿ. ಮೊದಲು ಪ್ರಾರ್ಥನೆ, ಹಾಡುವವರ ಮೈಕ್ ಆಫ್ ಆಗಿರುತ್ತೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ಎರಡು ಮಾತು. ನಂತರ ಸಂಪನ್ಮೂಲ ವ್ಯಕ್ತಿಗಳ ಪರಿಚಯ. ಅವರು ಬರೆದ ಲೇಖನಗಳೆಷ್ಟು, ಹೋದ ದೇಶಗಳೆಷ್ಟು ಎಲ್ಲ ಓದಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆ. "ನನ್ನ ಧ್ವನಿ ಕೇಳಿಸ್ತಿದೆಯಾ? ಸ್ಕ್ರೀನ್ ಕಾಣ್ತಿದೆಯಾ?" ಅಲ್ಲಿಂದ ಸ್ಲೈಡುಗಳ ಮೆರವಣಿಗೆ. ಪ್ರಶ್ನೋತ್ತರಕ್ಕೆ ಐದು ನಿಮಿಷ ಉಳಿದಿದ್ದರೆ ಪುಣ್ಯ. ಚಾಟ್‌ನಲ್ಲಿ "ವೆರಿ ಇನ್‌ಫರ್ಮೇಟಿವ್ ಸೆಷನ್ ಸರ್" ಸಾಲುಗಟ್ಟುತ್ತೆ. ಕೊನೆಗೆ ಫೀಡ್‌ಬ್ಯಾಕ್ ಫಾರಂನ ಲಿಂಕ್. ಅಲ್ಲಿಯವರೆಗೆ ಅಲುಗಾಡದೆ ಇದ್ದ ನೂರಿನ್ನೂರು ಚೌಕಗಳಿಗೆ ಆಗ ಜೀವ ಬರುತ್ತೆ. ಫಾರಂ ತುಂಬಿದವರಿಗೆಲ್ಲ ಸರ್ಟಿಫಿಕೇಟ್.

ಬೆಂಗಳೂರಿನ ಆಫೀಸಲ್ಲಿ ಕೂತು ಇದನ್ನು ಓದುತ್ತಾ ನಗ್ತಿರೋರು ತಮ್ಮ ಮ್ಯಾಂಡೇಟರಿ ಟ್ರೈನಿಂಗ್ ನೆನಪು ಮಾಡ್ಕೊಳ್ಳಿ. ಒಂದು ಟ್ಯಾಬ್‌ನಲ್ಲಿ ವೀಡಿಯೊ ಓಡ್ತಿರುತ್ತೆ, ಇನ್ನೊಂದರಲ್ಲಿ ನಿಮ್ಮ ಕೆಲಸ. ಕೊನೆಯ ಹತ್ತು ಪ್ರಶ್ನೆಗಳ ಉತ್ತರ ಟೀಮಿನ ಗ್ರೂಪಲ್ಲಿ ಮೊದಲೇ ಬಂದಿರುತ್ತೆ. ವ್ಯತ್ಯಾಸ ಇಷ್ಟೇ: ನೀವು ಕಲಿಯದಿದ್ದರೆ ಕಂಪನಿ ಹೇಗೋ ಸುಧಾರಿಸಿಕೊಳ್ಳುತ್ತೆ. ಮೇಷ್ಟ್ರು ಕಲಿಯದಿದ್ದರೆ ನಷ್ಟ ಆಗೋದು ಇನ್ನೊಬ್ಬರ ಮನೆ ಮಕ್ಕಳಿಗೆ.

ಈ ಪ್ರಕಾರದ ನಿಜವಾದ ವಿಚಿತ್ರ ಬೇರೆ ಕಡೆ ಇದೆ. ಲಾಕ್‌ಡೌನ್ ಕಾಲದಲ್ಲಿ ಅಧ್ಯಾಪಕರು ತಮ್ಮ ಆನ್‌ಲೈನ್ ಕ್ಲಾಸಿನ ಬಗ್ಗೆ ಏನಂತ ದೂರು ಹೇಳ್ತಿದ್ದರು? ಹುಡುಗರು ಕ್ಯಾಮೆರಾ ಹಾಕಲ್ಲ, ಕರೆದರೆ ಮಾತಾಡಲ್ಲ, ಹಾಜರಿ ಹೇಳಿ ಮಾಯ ಆಗ್ತಾರೆ ಅಂತ. ಅದೇ ದಿನ ಮಧ್ಯಾಹ್ನ ಅದೇ ಅಧ್ಯಾಪಕರು ವೆಬಿನಾರಿಗೆ ಸೇರಿ, ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಒತ್ತಿ, ಆಂತರಿಕ ಮೌಲ್ಯಮಾಪನದ ಅಂಕಪಟ್ಟಿ ತುಂಬುತ್ತಾ ಕೂತಿರುತ್ತಿದ್ದರು. ಬೆಳಿಗ್ಗೆ ಕಪ್ಪು ಚೌಕಗಳಿಗೆ ಪಾಠ, ಮಧ್ಯಾಹ್ನ ತಾವೇ ಕಪ್ಪು ಚೌಕ. ಇದನ್ನು ಮೇಷ್ಟ್ರುಗಳ ಸೋಗಲಾಡಿತನ ಅಂತ ತಳ್ಳಿಹಾಕೋದು ಸುಲಭ, ಆದರೆ ಅದು ಅನ್ಯಾಯ. ಎರಡೂ ಕಡೆ ಲೆಕ್ಕಕ್ಕೆ ಹಿಡಿಯೋದು ಒಂದೇ ಸಂಗತಿ: ಹೇಳಿದ್ದಾಯಿತಾ? ಮುಟ್ಟಿತಾ ಅಂತ ಕೇಳೋರು ಎರಡೂ ಕಡೆ ಇಲ್ಲ.

ದಾವಣಗೆರೆ ಸೀಮೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಲಕ್ಕವಳ್ಳಿಯ ಭದ್ರಾ ಡ್ಯಾಮಿನಲ್ಲಿ ಗೇಟು ಎತ್ತಿದ ದಿನ ಬಲದಂಡೆ ನಾಲೆಗೆ ಇಷ್ಟು ಕ್ಯುಸೆಕ್ ಬಿಟ್ಟಿದ್ದೇವೆ ಅಂತ ಪ್ರಕಟಣೆ ಬರುತ್ತೆ. ಮಲೇಬೆನ್ನೂರು, ಹರಿಹರದ ಕಡೆಯ ಕೊನೆಭಾಗದವರು ಕೇಳೋದು ಕ್ಯುಸೆಕ್ ಎಷ್ಟು ಅಂತಲ್ಲ, ನಮ್ಮ ಗದ್ದೆಗೆ ನೀರು ಯಾವಾಗ ಅಂತ. ನೀರಿಗಾಗಿ ಅವರು ರಸ್ತೆಗೆ ಇಳಿದದ್ದು ಒಂದೆರಡು ಸಲ ಅಲ್ಲ. ಬಿಟ್ಟ ನೀರಿಗೂ ಮುಟ್ಟಿದ ನೀರಿಗೂ ನಡುವೆ ಎಷ್ಟು ದೂರ ಇದೆ ಅನ್ನೋದು ಆ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿಂದಲೇ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಕೂತಿರೋದು.

2020ರ ಮಾರ್ಚ್‌ನಲ್ಲಿ ಆ ಬಸ್ಸು ನಿಂತಿತು. ಪಾಠ ಫೋನಿಗೆ ಹೋಯಿತು. ಯಾರ ಫೋನಿಗೆ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಶೇ. 42ರಷ್ಟು ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿತ್ತು, ಹಳ್ಳಿಗಳಲ್ಲಿ ಸುಮಾರು ಶೇ. 15ರಷ್ಟು ಮನೆಗಳಲ್ಲಿ ಮಾತ್ರ. ಕಂಪ್ಯೂಟರ್ ಇದ್ದ ಹಳ್ಳಿ ಮನೆಗಳು ಶೇ. 4.4. ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡಲು ಶುರು ಮಾಡಿದ್ದು 2021ರ ಜೂನ್‌ನಲ್ಲಿ, ಮೊದಲ ಲಾಕ್‌ಡೌನ್ ಆಗಿ ವರ್ಷ ಕಳೆದ ಮೇಲೆ. ಆ ಹೊತ್ತಿಗೆ ಮೇಷ್ಟ್ರುಗಳು ತಾವೇ ದಾರಿ ಹುಡುಕಿಕೊಂಡಿದ್ದರು. ಲೈವ್ ಕ್ಲಾಸ್ ಬಿಟ್ಟು ಹತ್ತು ನಿಮಿಷದ ಆಡಿಯೊ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದವರಿದ್ದಾರೆ. ಕೈಬರಹದ ನೋಟ್ಸಿನ ಫೋಟೊ ಕಳಿಸಿ, ಸಂಜೆ ಅಪ್ಪನ ಫೋನು ಮಗಳ ಕೈಗೆ ಬರುವ ಹೊತ್ತಿಗೆ ಕಾದು ಕರೆ ಮಾಡಿದವರಿದ್ದಾರೆ. ದೂರಶಿಕ್ಷಣದ ಬಗ್ಗೆ ಇವರು ಕಲಿತದ್ದು ಯಾವ ಎಫ್‌ಡಿಪಿಯ ಸಿಲಬಸ್ಸಿನಲ್ಲೂ ಇರಲಿಲ್ಲ, ಯಾವ ಸರ್ಟಿಫಿಕೇಟೂ ಬರಲಿಲ್ಲ.

ನಮಗೆ ಇದು ತೀರಾ ಹೊಸ ವಿದ್ಯೆಯೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು. 1996ರಲ್ಲಿ ಅದೇ ಕೆಲಸಕ್ಕೆ ಅಂತ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಆ ಪದ್ಧತಿಗೆ ಒಂದು ವಿನಯ ಇತ್ತು. ಅಂಚೆಯಲ್ಲಿ ಕಳಿಸಿದ ಪಾಠ ಸಾಕಾಗಲ್ಲ ಅಂತ ಒಪ್ಪಿಕೊಂಡೇ 'ಸಂಪರ್ಕ ತರಗತಿ' ಅಂತ ಇಟ್ಟಿದ್ದರು. ಆ ಹೆಸರೇ ಹೇಳುತ್ತೆ, ಪಾಠ ಕಳಿಸೋದು ಒಂದು, ಸಂಪರ್ಕ ಇನ್ನೊಂದು. ಜೂಮ್ ಬಂದ ಮೇಲೆ ಎರಡೂ ಒಂದೇ ಅಂತ ನಾವು ತಿಳಿದುಬಿಟ್ಟೆವು.

ಇನ್ನು ಸರ್ಟಿಫಿಕೇಟಿನ ಹಿಂದಿರುವ ನಿಯಮಕ್ಕೆ ಬರೋಣ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ಒಂದು ಹಂತದಿಂದ ಮೇಲಿನ ಹಂತಕ್ಕೆ ಹೋಗಬೇಕಾದರೆ ಸೇವೆಯ ವರ್ಷಗಳ ಜೊತೆಗೆ ಓರಿಯೆಂಟೇಷನ್, ರಿಫ್ರೆಶರ್ ಥರದ ಕೋರ್ಸು ಮುಗಿಸಿರಬೇಕು. ಕೆಲವು ಕಡೆ ಅದರ ಬದಲು ಇ-ಸರ್ಟಿಫಿಕೇಟ್ ಇರುವ ಆನ್‌ಲೈನ್ ಕೋರ್ಸೂ ನಡೆಯುತ್ತೆ. ಮೇಷ್ಟ್ರು ಕಲಿಯುತ್ತಲೇ ಇರಬೇಕು ಅನ್ನೋದು ಒಳ್ಳೆ ಆಸೆ, ಅದರಲ್ಲಿ ತಕರಾರಿಲ್ಲ. ಹಾಗೆ ನೋಡಿದರೆ 2018ರಲ್ಲಿ ಸ್ವಯಂ ವೇದಿಕೆಯಲ್ಲಿ ಬಂದ 'ಅರ್ಪಿತ್' ಕಾರ್ಯಕ್ರಮ ಮೇಲು. ನಲವತ್ತು ಗಂಟೆಯ ಕೋರ್ಸು, ಕೊನೆಗೆ ಮೇಲ್ವಿಚಾರಕರ ಎದುರು ಕೂತು ಬರೆಯುವ ಪರೀಕ್ಷೆ. ಮೇಷ್ಟ್ರಿಗೂ ಪರೀಕ್ಷೆಯ ಹಿಂದಿನ ರಾತ್ರಿಯ ಹೊಟ್ಟೆನೋವು ಗೊತ್ತಾಯಿತು. ವೆಬಿನಾರಿನಲ್ಲಿ ಆ ಭಯವೂ ಇಲ್ಲ.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ಹೇಳೋಕೆ ನಾನು ಬಂದಿಲ್ಲ. ಮೊದಲು ಮೂರು ವಾರದ ಓರಿಯೆಂಟೇಷನ್‌ಗೆ ಮೈಸೂರಿಗೋ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಇರಬೇಕಿತ್ತು. ಮನೆಯಲ್ಲಿ ಸಣ್ಣ ಮಗು ಇರುವ ಅಧ್ಯಾಪಕಿಗೆ ಅದು ಅರ್ಧ ವನವಾಸ. ಎಷ್ಟೋ ಜನ ವರ್ಷ ವರ್ಷ ಮುಂದೆ ಹಾಕಿ ಬಡ್ತಿಯಲ್ಲೇ ಹಿಂದೆ ಉಳಿದರು. ಆನ್‌ಲೈನ್ ಅವರಿಗೆ ನಿಜವಾದ ಬಿಡುಗಡೆ. ಆದರೆ ಆ ಮೂರು ವಾರದಲ್ಲಿ ಒಂದು ಸಂಗತಿ ತಾನಾಗಿ ಆಗುತ್ತಿತ್ತು. ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೊಪ್ಪಳದ ಮೇಷ್ಟ್ರು ಹರಿಹರದ ಮೇಷ್ಟ್ರಿಗೆ "ಈ ಪಾಠ ನಮ್ ಹುಡುಗ್ರಿಗೆ ಹತ್ತಂಗೇ ಇಲ್ರೀ, ನೀವು ಹೆಂಗ್ ಮಾಡ್ತೀರಿ?" ಅಂತ ಕೇಳ್ತಿದ್ದರು. ಟೈಮ್‌ಟೇಬಲ್ಲಿನಲ್ಲಿ ಇಲ್ಲದ ಆ ಪ್ರಶ್ನೆಯೇ ಇಡೀ ಕೋರ್ಸಿನ ಸಾರ. ವೆಬಿನಾರ್ ಅದನ್ನು ಕಳೆದುಕೊಂಡಿತು. ಮೀಟಿಂಗ್ ಎಂಡ್ ಆದ ಮೇಲೆ ಅಲ್ಲಿ ರಾತ್ರಿಯೇ ಇಲ್ಲವಲ್ಲ.

ಆ ಪ್ರಶ್ನೆ ಯಾಕೆ ಮುಖ್ಯ ಅಂದರೆ, ನಮ್ಮ ಕಡೆ ಅಧ್ಯಾಪಕರ ಅತಿ ಕಷ್ಟದ ಕೆಲಸ ಅಲ್ಲೇ ಇದೆ. ದಾವಣಗೆರೆ ವಿಶ್ವವಿದ್ಯಾಲಯದ ಚರಿತ್ರೆಯನ್ನೇ ನೋಡಿ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ಸ್ವಂತ ವಿಶ್ವವಿದ್ಯಾಲಯ ಆಯಿತು. ತೋಳಹುಣಸೆಯ ಶಿವಗಂಗೋತ್ರಿಗೆ ಇದರಿಂದ ಯಾರು ಬಂದರು? ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಿಂದ, ಮನೆಯಲ್ಲಿ ಮೊದಲ ಸಲ ಎಂ.ಎ. ಓದುವವರು. ಬಿ.ಎ. ತನಕ ಕನ್ನಡದಲ್ಲೇ ಓದಿದವರು. ಎಫ್‌ಡಿಪಿ ನಡೆಯೋದು ಇಂಗ್ಲಿಷಿನಲ್ಲಿ, ಸ್ವಯಂ ಕೋರ್ಸುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ. ಅರ್ಥಶಾಸ್ತ್ರದ ಮೇಡಂ ಅಲ್ಲಿ ಆಪರ್ಚುನಿಟಿ ಕಾಸ್ಟ್ ಬಗ್ಗೆ ಕೇಳಿ ಬಂದು ಇಲ್ಲಿ 'ಅವಕಾಶ ವೆಚ್ಚ' ಅಂತ ಬೋರ್ಡಿನ ಮೇಲೆ ಬರೆದರೆ ಅರ್ಧ ಕೆಲಸವೂ ಆಗಲ್ಲ. ಭತ್ತ ಹಾಕಿದ ಗದ್ದೆಯಲ್ಲಿ ಅಡಿಕೆ ಹಾಕಿದ್ದರೆ ಏನು ಬರುತ್ತಿತ್ತೋ ಅದು, ಅಂತ ಹೇಳಿದಾಗ ಹಿಂದಿನ ಬೆಂಚಿನ ಹುಡುಗ ತಲೆ ಎತ್ತುತ್ತಾನೆ. ಆ ಉದಾಹರಣೆ ಹುಡುಕೋದೇ ನಿಜವಾದ ವೃತ್ತಿಪರ ಕಲಿಕೆ. ಅದಕ್ಕೆ ಓದಬೇಕು, ಹುಡುಗನ ಊರೂ ಗೊತ್ತಿರಬೇಕು. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಇದೆಲ್ಲ ಕಾಯಂ ಅಧ್ಯಾಪಕರ ಮಾತಾಯಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಭಾರ ಹೊತ್ತಿರೋರು ಅತಿಥಿ ಉಪನ್ಯಾಸಕರು. ಅವರಿಗೆ ಬಡ್ತಿಯ ಏಣಿಯೇ ಇಲ್ಲ, ಆದರೂ ಸರ್ಟಿಫಿಕೇಟ್ ಕೂಡಿಸ್ತಾರೆ, ಎಲ್ಲಾದರೂ ಉಪಯೋಗಕ್ಕೆ ಬರಬಹುದು ಅಂತ. 2021ರ ಕೊನೆಯಲ್ಲಿ ಅವರು ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿದ ಮೇಲೆ 2022ರ ಜನವರಿಯಲ್ಲಿ ಗೌರವಧನ ಹದಿಮೂರು ಸಾವಿರದ ಆಸುಪಾಸಿನಿಂದ ವಿದ್ಯಾರ್ಹತೆ, ಸೇವೆ ನೋಡಿ 26,000ದಿಂದ 32,000 ರೂಪಾಯಿಗೆ ಏರಿತು. ಜೊತೆಗೇ ವಾರದ ಪಾಠದ ಅವಧಿ 15 ಗಂಟೆಗೆ ಏರಿತು. ಲೆಕ್ಕ ಸರಳ: ಒಬ್ಬರ ತಲೆಗೆ ಗಂಟೆ ಜಾಸ್ತಿಯಾದರೆ ಬೇಕಾಗುವ ತಲೆ ಕಮ್ಮಿ. ಇಷ್ಟು ವರ್ಷ ಪಾಠ ಮಾಡಿದ ಎಷ್ಟೋ ಜನ ಹೊರಗೆ ಉಳಿದರು.

ಈಗ ಇನ್ನೊಂದು ಸಂಖ್ಯೆ ಇದರ ಪಕ್ಕ ಇಟ್ಟು ನೋಡಿ. ಸ್ವಯಂ ಕೋರ್ಸುಗಳಿಂದ ಪಡೆಯಬಹುದಾದ ಕ್ರೆಡಿಟ್ಟನ್ನು ಯುಜಿಸಿ 2016ರಲ್ಲಿ ಶೇ. 20 ಅಂತ ಇಟ್ಟಿತ್ತು, 2021ರಲ್ಲಿ ಶೇ. 40ಕ್ಕೆ ಏರಿಸಿತು. ಒಳ್ಳೆ ಪ್ರಾಧ್ಯಾಪಕರೊಬ್ಬರ ಪಾಠ ಹರಿಹರದ ಹುಡುಗಿಗೂ ಸಿಗಲಿ ಅನ್ನೋದು ಇದರ ಬೆಳಕಿನ ಮುಖ, ಅದನ್ನು ಅಲ್ಲಗಳೆಯಬಾರದು. ಆದರೆ 'ಹೇಳಿದ್ದಾಯಿತು ಅಂದರೆ ಕಲಿಸಿದ್ದಾಯಿತು' ಅನ್ನುವ ನಂಬಿಕೆ ಹೀಗೇ ಮುಂದುವರಿದರೆ, ರೆಕಾರ್ಡ್ ಮಾಡಿದ ವೀಡಿಯೊ ಇರುವಾಗ ಅತಿಥಿ ಉಪನ್ಯಾಸಕಿ ಯಾಕೆ ಅಂತ ಒಂದು ದಿನ ಯಾರೋ ಕೇಳಿಯೇ ಕೇಳ್ತಾರೆ. ಆಗ ನಮ್ಮ ಹತ್ತಿರ ಉತ್ತರ ಇರಬೇಕು. ಮೂವತ್ತು ಸರ್ಟಿಫಿಕೇಟು ತೋರಿಸೋದು ಉತ್ತರ ಆಗಲ್ಲ. ಯಾಕಂದರೆ ಅವೂ ವೀಡಿಯೊ ನೋಡಿಯೇ ಬಂದವು.

ಉತ್ತರ ಇಲ್ಲೇ ಹತ್ತಿರದಲ್ಲಿ ಇದೆ ಅಂತ ನನ್ನ ನಂಬಿಕೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಈಗ ಇಲ್ಲ, ಆದರೆ ಲೇತ್ ಕೆಲಸ ಬಲ್ಲ ಯಾರನ್ನಾದರೂ ಕೇಳಿ. ಕಲಿಯುವವನು ಬಲ್ಲವನ ಪಕ್ಕ ನಿಲ್ಲುತ್ತಾನೆ, ನೋಡುತ್ತಾನೆ, ಮಾಡುತ್ತಾನೆ, ಕೆಡಿಸುತ್ತಾನೆ. ಅವನು ಎಷ್ಟು ಗಂಟೆ ನಿಂತಿದ್ದ ಅಂತ ಯಾರೂ ಕೇಳಲ್ಲ. ಬಂದ ತುಂಡನ್ನು ವರ್ನಿಯರ್‌ಗೆ ಹಿಡಿದು ನೋಡ್ತಾರೆ.

ದಾವಣಗೆರೆಗೂ ಹರಿಹರಕ್ಕೂ ಹದಿನಾಲ್ಕು ಕಿಲೋಮೀಟರ್. ಹಳೇ ಪಿ.ಬಿ. ರಸ್ತೆಯಲ್ಲಿ ಅರ್ಧ ಗಂಟೆ. ಎರಡೂ ಊರಿನ ಕಾಲೇಜುಗಳಲ್ಲಿ ಒಂದೇ ಸಿಲಬಸ್ಸಿನ ಒಂದೇ ಪಾಠ ಮಾಡುವವರು ತಿಂಗಳಿಗೆ ಒಂದು ಶನಿವಾರ ಸೇರಿ, ಒಬ್ಬರ ಕ್ಲಾಸಿನಲ್ಲಿ ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು, ಆಮೇಲೆ "ಇಲ್ಲಿ ಹುಡುಗ್ರು ಕೈಬಿಟ್ರು ನೋಡ್ರಿ" ಅಂತ ಹೇಳುವಂತಾಗಲಿ. ಕಾಯಂ, ಅತಿಥಿ ಅಂತ ಭೇದ ಬೇಡ. ಕಾಯಂನವರಿಗೆ ಓಓಡಿ ಕೊಡುವಂತೆ ಅತಿಥಿಗಳಿಗೆ ಆ ದಿನದ ಗೌರವಧನ ಕೊಡಲಿ. ಬರಲಾಗದ ದಿನ ಆನ್‌ಲೈನಿನಲ್ಲೇ ಸೇರಲಿ, ಆದರೆ ಹತ್ತೇ ಜನ, ಎಲ್ಲರ ಮುಖವೂ ಕಾಣುವಂತೆ. ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಪುಟ ಬರೆದು ಕೊಡಲಿ: ಈ ವರ್ಷ ಯಾವ ಪಾಠವನ್ನು ಬೇರೆ ಥರ ಮಾಡಿದೆ, ಯಾಕೆ, ಏನಾಯಿತು. ಬಡ್ತಿಯ ಫೈಲಿನಲ್ಲಿ ಆ ಪುಟ ಸರ್ಟಿಫಿಕೇಟಿನ ಜಾಗದಲ್ಲಿ ಇರಲಿ. ಇದಕ್ಕೆ ಹೊಸ ಪೋರ್ಟಲ್ ಬೇಡ, ಉದ್ಘಾಟನೆ ಬೇಡ, ಪ್ರಾರ್ಥನೆಯೂ ಬೇಡ.

ಮುಂದಿನ ಸಲ ವೆಬಿನಾರಿನ ಕೊನೆಗೆ ಫೀಡ್‌ಬ್ಯಾಕ್ ಫಾರಂ ಬಂದಾಗ ಅದರಲ್ಲಿ ಐದು ಸ್ಟಾರ್ ಪ್ರಶ್ನೆ ಇದ್ದೇ ಇರುತ್ತೆ. ಅದರ ಕೆಳಗೆ 'ಸಲಹೆಗಳು' ಅಂತ ಒಂದು ಖಾಲಿ ಜಾಗ ಇರುತ್ತೆ, ಯಾರೂ ತುಂಬಲ್ಲ. ಗೆಳೆಯರೇ, ಅಲ್ಲಿಂದ ಶುರು ಮಾಡಿ. ನಾಳೆ ನನ್ನ ಕ್ಲಾಸಿನಲ್ಲಿ ಇದನ್ನು ಹೇಗೆ ಹೇಳಲಿ ಅಂತ ಒಂದು ಸಾಲು ಕನ್ನಡದಲ್ಲಿ ಕೇಳಿ. ಉತ್ತರ ಬಂದರೆ ಆ ಕಾರ್ಯಕ್ರಮ ಪರವಾಗಿಲ್ಲ ಅಂತ ಲೆಕ್ಕ.