ಕೆಳಗೆ ಹೆಸರು, ಊರು

ಒಂದು ಮಳೆಗಾಲದ ಸಂಜೆ ಕೆಂಗೇರಿಯಲ್ಲಿ ನೀರು ರಸ್ತೆಗೆ ನುಗ್ಗಿದಾಗ ಎಲ್ಲರಂತೆ ನಾನೂ ಮೊಬೈಲ್ ಎತ್ತಿ ವಿಡಿಯೊ ಮಾಡಿದೆ. ಮೋರಿಯ ಬಾಯಿಗೆ ಯಾರೋ ಕಟ್ಟಡದ ಅವಶೇಷ ಸುರಿದಿದ್ದಾರೆ, ಅದಕ್ಕೇ ನೀರು ಹಿಂದಕ್ಕೆ ಬರುತ್ತಿದೆ ಎಂದು ಅದರಲ್ಲಿ ಹೇಳಿದ್ದೆ. ರಾತ್ರಿ ಅದು ಒಂದು ವಾಹಿನಿಯಲ್ಲಿ ಬಂತು. ನೀರಿತ್ತು, ಮುಳುಗಿದ ಬೈಕುಗಳಿದ್ದವು, ಮೇಲೆ ಅಬ್ಬರದ ಸಂಗೀತವಿತ್ತು. ನನ್ನ ಮಾತು ಇರಲಿಲ್ಲ. ಹೆಸರು ಹೋದದ್ದಕ್ಕೆ ಬೇಸರವಿಲ್ಲ, ಕಾರಣವೇ ಹೋಯಿತಲ್ಲ ಎನ್ನುವುದು ನನ್ನ ತಕರಾರು.

ಜನಸಾಮಾನ್ಯರೇ ಈಗ ವರದಿಗಾರರು ಎನ್ನುತ್ತೇವೆ. ಆದರೆ ಈ ಕೆಲಸಕ್ಕೆ ಕನ್ನಡದಲ್ಲಿ ಹಳೆಯದೊಂದು ರೂಪವಿದೆ. ‘ಪ್ರಜಾವಾಣಿ’ಯ ‘ವಾಚಕರ ವಾಣಿ’ಯಂಥ ಅಂಕಣಗಳ ದೂರಿನ ಪತ್ರವನ್ನು ಗಮನಿಸಿ: ಎಲ್ಲಿ, ಎಷ್ಟು ದಿನದಿಂದ, ಯಾರಿಗೆ ಹೇಳಿಯಾಯಿತು, ಏನು ಆಗಬೇಕು, ಕೆಳಗೆ ಹೆಸರು, ಊರು. ತಪ್ಪಾಗಿದ್ದರೆ ಇನ್ನೊಬ್ಬ ಓದುಗ ತಿದ್ದಬಹುದು. ಕಂಡವನು ಇಲ್ಲಿ ತನ್ನ ಮಾತಿಗೆ ಹೊಣೆಯಾಗುತ್ತಾನೆ.

1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಹಾಸನದ ಬಾನು ಮುಷ್ತಾಕ್ ಅದಕ್ಕೆ ವರದಿ ಮಾಡಿದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಅಲ್ಲೇ ಧಾರಾವಾಹಿಯಾಗಿ ಬಂತು. ಸುದ್ದಿಮನೆಗಳಿಂದ ದೂರವಿದ್ದ ಇಂಥವರಿಂದ ಆ ಪತ್ರಿಕೆ ಬರೀ ಮಾಹಿತಿ ಪಡೆಯಲಿಲ್ಲ, ಅವರಿಂದಲೇ ಬರೆಸಿತು. ಈಗಿನ ವಾಹಿನಿಗಳು ನಮ್ಮಿಂದ ದೃಶ್ಯ ತೆಗೆದುಕೊಂಡು ವಾಕ್ಯವನ್ನು ತಾವೇ ಇಟ್ಟುಕೊಳ್ಳುತ್ತವೆ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಪತ್ರ ಬರೆಯಲು ಅಕ್ಷರ ಬೇಕು, ಬಿಡುವು ಬೇಕು, ಸಂಪಾದಕರ ಕತ್ತರಿಯನ್ನೂ ದಾಟಬೇಕು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ ಆ ಅಂಕಣದಲ್ಲಿ ಸುಲಭವಾಗಿ ಜಾಗ ಸಿಗುತ್ತಿರಲಿಲ್ಲ. ಮೊಬೈಲ್ ಆ ಬಾಗಿಲು ತೆರೆದಿದೆ; ಅದು ಸಣ್ಣ ಸಂಗತಿಯಲ್ಲ.

ಆದರೆ ವೈರಲ್ ಆಗುವುದು ಉಕ್ಕುವ ನೀರು ಮಾತ್ರ. ವೃಷಭಾವತಿ ವರ್ಷದಲ್ಲಿ ಕೆಲವೇ ಗಂಟೆ ಉಕ್ಕುತ್ತದೆ. ಉಳಿದ ದಿನಗಳಲ್ಲಿ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಆ ನೊರೆನೀರಿನ ಪಕ್ಕ ಬೇಸಾಯ ಮಾಡುವವರ ಪಾಡು ನಲವತ್ತು ಸೆಕೆಂಡಿನಲ್ಲಿ ಹಿಡಿಯುವಂಥದ್ದಲ್ಲ. ಅದಕ್ಕೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವರು ಬೇಕು. ಹಾಗೆ ಹೋಗಬಲ್ಲವರು ಅಲ್ಲೇ ಬದುಕುವ ಜನ. ಅವರ ಕಣ್ಣನ್ನಷ್ಟೇ ಎರವಲು ಪಡೆದು ಬಾಯಿ ಮುಚ್ಚಿಸಿದರೆ ನಷ್ಟ ಸುದ್ದಿಗೇ.

ವಾರ ಬಿಟ್ಟು ಆ ಮೋರಿಯ ಬಳಿ ಮತ್ತೆ ಹೋದೆ. ನೀರು ಇಳಿದಿತ್ತು, ಅವಶೇಷ ಅಲ್ಲೇ ಇತ್ತು. ಈ ಸಲ ಮೊಬೈಲ್ ಎತ್ತಲಿಲ್ಲ. ಮನೆಗೆ ಬಂದು ಪತ್ರಿಕೆಗೊಂದು ಪತ್ರ ಬರೆದೆ. ಕೆಳಗೆ ನನ್ನ ಹೆಸರು, ಊರು ಹಾಕಿದೆ.