ಗೊತ್ತಿದ್ದದ್ದು ಎಲ್ಲಿ, ಹೊಸತು ಎಲ್ಲಿ: ಕನ್ನಡ ವ್ಯಾಕರಣ ಅರ್ಧಕ್ಕೆ ಬಿಟ್ಟ ಕೆಲಸ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಹೊರಬಂದ ರೈತನನ್ನು ಊರಿನವರು ಕೇಳುವುದು ‘ಎಷ್ಟಕ್ಕೆ ಹೋಯ್ತು ಗೂಡು?’ ಎಂದು. ಅವನು ಬಂದದ್ದು ಗೂಡು ಮಾರಲಿಕ್ಕೆ ಎಂಬುದು ಇಬ್ಬರಿಗೂ ಗೊತ್ತು. ಹಾಗಾಗಿ ‘ಗೂಡು’ ಕ್ರಿಯಾಪದದ ಆಚೆಗೆ ಸರಿದಿದೆ, ಅಲ್ಲಿ ದನಿಯೂ ಇಳಿಯುತ್ತದೆ. ತಿಳಿಯಬೇಕಾದದ್ದು ರೇಟು; ಅದನ್ನು ಕೇಳುವ ಪದ ಕ್ರಿಯಾಪದಕ್ಕೆ ತಾಗಿದಂತೆ ಅದಕ್ಕಿಂತ ಮೊದಲು ನಿಂತಿದೆ. ಶಾಲೆಯ ವ್ಯಾಕರಣ ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮವನ್ನು ಹೇಳಿ, ಕನ್ನಡದಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ ಎಂದು ಮುಂದಿನ ಪಾಠಕ್ಕೆ ಹೋಗುತ್ತದೆ. ಅರ್ಥ ಕೆಡುವುದಿಲ್ಲ, ನಿಜ. ಆದರೆ ಗೌರಿಬಿದನೂರಿನ ಬಯಲಲ್ಲಿ ‘ಮಳೆ ಬಂತು’ ಎಂದು ಒಬ್ಬರು ಸುದ್ದಿ ಹೇಳುವುದಕ್ಕೂ, ತಿಂಗಳುಗಟ್ಟಲೆ ಮುಗಿಲು ನೋಡಿದವರು ‘ಬಂತು ಮಳೆ’ ಎನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಇಡೀ ವಾಕ್ಯವೇ ಹೊಸತು. ಎರಡನೆಯದರಲ್ಲಿ ಮಳೆ ಆಗಲೇ ಎಲ್ಲರ ಮನಸ್ಸಿನಲ್ಲಿತ್ತು. ಹೊಸತು ಅದು ಬಂದದ್ದು ಮಾತ್ರ.

ಈ ವ್ಯತ್ಯಾಸಕ್ಕೆ ನಮ್ಮ ವ್ಯಾಕರಣ ಪರಂಪರೆಯಲ್ಲಿ ಮನೆಯೇ ಸಿಗಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳು ಸಂಧಿಯಿಂದ ಅವ್ಯಯದವರೆಗೆ ಪದದ ಸುತ್ತಲೇ ನಡೆಯುತ್ತವೆ. ಕವಿಗಳಿಗೆ ಶುದ್ಧ ರೂಪ ಕಲಿಸುವುದು ಅವನ ಕೆಲಸ. ಅದನ್ನು ಅವನು ಅಸಾಧಾರಣವಾಗಿ ಮಾಡಿದ. ತಪ್ಪು ಅವನದಲ್ಲ, ಏಳು ಶತಮಾನಗಳ ಮೇಲೂ ಅದೇ ಚೌಕಟ್ಟನ್ನು ಬಿಡದ ಪಠ್ಯಗಳದು. ‘ಏ’ ಎಂಬುದು ಅವಧಾರಣಾರ್ಥಕ ಅವ್ಯಯ ಎಂದು ಅವು ಒಂದು ಸಾಲಿನಲ್ಲಿ ಮುಗಿಸುತ್ತವೆ. ಯಾವ ಪದಕ್ಕೆ ಯಾಕೆ, ಎಂಥ ಸಂದರ್ಭದಲ್ಲಿ ಹತ್ತುತ್ತದೆ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಯುರೋಪಿನಲ್ಲಿ ಈ ಪ್ರಶ್ನೆಯನ್ನು 1844ರಲ್ಲೇ ವಿದ್ವಾಂಸ ಆನ್ರಿ ವೇಯ್ಲ್ ಎತ್ತಿದ್ದ. 1926ರಲ್ಲಿ ಹುಟ್ಟಿದ ಪ್ರಾಗ್ ಭಾಷಾವಿಜ್ಞಾನ ಬಳಗದ ವಿಲೆಮ್ ಮಾಥೆಸಿಯಸ್, ಅವನ ನಂತರ ಯಾನ್ ಫಿರ್ಬಾಸ್, ಅದನ್ನೊಂದು ಸಿದ್ಧಾಂತವಾಗಿ ಬೆಳೆಸಿದರು. ಮಾತು ಗೊತ್ತಿದ್ದದ್ದರಿಂದ ಹೊರಟು ಹೊಸತರ ಕಡೆಗೆ ನಡೆಯುತ್ತದೆ ಎಂಬುದು ಅದರ ತಿರುಳು. ಮಾತು ಎಲ್ಲಿಂದ ಶುರುವಾಗುತ್ತದೆ ಎಂಬುದು ಬೇರೆ, ಕೇಳುವವನಿಗೆ ಏನು ಗೊತ್ತಿದೆ ಎಂಬುದು ಬೇರೆ ಎಂದು ಭಾಷಾವಿಜ್ಞಾನಿ ಹ್ಯಾಲಿಡೇ 1960ರ ದಶಕದಲ್ಲಿ ಬಿಡಿಸಿ ತೋರಿಸಿದ. ಆದರೆ ಕ್ರಿಯಾಪದವನ್ನು ಕೊನೆಗಿಡುವ ಕನ್ನಡಕ್ಕೆ ಪ್ರಾಗಿನ ಸೂತ್ರ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಹೊಸತು ಸಾಮಾನ್ಯವಾಗಿ ಕೂರುವುದು ವಾಕ್ಯದ ತುದಿಯಲ್ಲಲ್ಲ, ಕ್ರಿಯಾಪದಕ್ಕೆ ಮೊದಲಿನ ಮಗ್ಗುಲಲ್ಲಿ. ತುದಿಗೆ ಬೀಳುವುದು ಹಲವು ಸಲ ಗೊತ್ತಿದ್ದದ್ದೇ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ದೊಡ್ಡತನ ಕಾಣುವುದು ಇಲ್ಲೇ. ಕರ್ತೃ, ಕರ್ಮ ಎಂಬ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗೂ ಬೇಕೇ ಬೇಕೆಂದೇನಿಲ್ಲ ಎಂದು ಅವರು 1991ರಲ್ಲಿ ಪ್ರಕಟವಾದ ಇಂಗ್ಲಿಷ್ ಪುಸ್ತಕದಲ್ಲಿ ವಾದಿಸಿದರು. ಅದಕ್ಕೆ ಮುಖ್ಯ ಸಾಕ್ಷಿಯಾಗಿ ತಂದದ್ದು ಕನ್ನಡವನ್ನು: ಯಾರು ಏನು ಮಾಡಿದರು ಎಂಬುದನ್ನು ವಿಭಕ್ತಿ ಹೇಳುತ್ತದೆ, ಯಾವುದು ಗೊತ್ತಿದ್ದದ್ದು, ಯಾವುದಕ್ಕೆ ಒತ್ತು ಎಂಬುದನ್ನು ಪದಗಳ ಜಾಗ ಹೇಳುತ್ತದೆ, ಎರಡನ್ನೂ ಕನ್ನಡ ಬೇರೆಬೇರೆ ಇಟ್ಟಿದೆ. ಇಂಗ್ಲಿಷು ಇವೆರಡನ್ನೂ ಒಂದೇ ಜಾಗಕ್ಕೆ ಹೇರುತ್ತದೆ. ನನ್ನ ಮಟ್ಟಿಗೆ ಕಳೆದ ಶತಮಾನದಲ್ಲಿ ಕನ್ನಡದ ಬಗ್ಗೆ ಯಾರೂ ಇದಕ್ಕಿಂತ ಮಹತ್ವದ ಮಾತು ಆಡಲಿಲ್ಲ.

ಹಾಗಿದ್ದೂ ಆ ಬೇರ್ಪಡಿಕೆ ಅವರು ಹೇಳಿದಷ್ಟು ಚೊಕ್ಕಟವಾಗಿಲ್ಲ. ‘ನೆನ್ನೆ ಗೂಡು ತಂದೆ’ ಎಂದರೆ ಮಾಡಿದ ಕೆಲಸ ತಿಳಿಯುತ್ತದೆ. ‘ನೆನ್ನೆ ಗೂಡನ್ನು ತಂದೆ’ ಎಂದಾಗ ಇಬ್ಬರೂ ಆಗಲೇ ಮಾತಾಡಿಕೊಂಡ ಗೂಡು ಕಣ್ಣ ಮುಂದೆ ಬರುತ್ತದೆ. ಜೀವವಿಲ್ಲದ ವಸ್ತುಗಳ ಹೆಸರಿನಲ್ಲಿ ಗೊತ್ತಿದ್ದದ್ದನ್ನು ಸೂಚಿಸುವ ಹೊಣೆಯನ್ನು ವಿಭಕ್ತಿಯೂ ಹೊರುತ್ತದೆ ಎಂದಾಯಿತು. ಜಾಗವೂ ಒಬ್ಬಂಟಿಯಾಗಿ ದುಡಿಯುವುದಿಲ್ಲ. ಭಟ್ಟರದೇ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರನ್ನು ನೋಡಿ. ಒತ್ತು ಬಿದ್ದಿರುವ ಭಾಗ ‘ಬೇಕು’ ಎಂಬುದನ್ನು ದಾಟಿ ತುದಿಯಲ್ಲಿದೆ, ಅದನ್ನು ಎತ್ತಿ ಹಿಡಿದಿರುವುದು ‘ಏ’. ಗೂಡಿನ ರೇಟು ಕೇಳುವಾಗ ತುದಿ ಇಳಿದನಿಯ ಜಾಗವಾಗಿತ್ತು. ಇಲ್ಲಿ ಅದೇ ತುದಿ ಏರುದನಿಯ ಜಾಗ. ಜಾಗ, ಪ್ರತ್ಯಯ, ಅವ್ಯಯ, ದನಿ ನಾಲ್ಕೂ ಕೂಡಿ ಮಾಡುವ ಕೆಲಸವಿದು. ಬಿಡಿ ವಾಕ್ಯಗಳನ್ನು ಮೇಜಿನ ಮೇಲಿಟ್ಟು ನೋಡಿದರೆ ಇದು, ಅದರಲ್ಲೂ ದನಿಯ ಪಾಲು, ಕೈಗೆ ಸಿಗುವುದಿಲ್ಲ.

ನನಗೆ ನೋವಾಗುವುದು ಭಟ್ಟರ ಹಾದಿ ಹಿಡಿದವರ ವಿಷಯದಲ್ಲಿ. ಬರಹವನ್ನು ಆಡುಮಾತಿಗೆ ಹತ್ತಿರ ತರಬೇಕೆಂಬ ‘ಎಲ್ಲರ ಕನ್ನಡ’ದ ಚರ್ಚೆ ಮಹಾಪ್ರಾಣ ಬೇಕೇ, ಷಕಾರ ಬೇಕೇ, ಸಂಸ್ಕೃತದ ಪದ ಬಿಡಬೇಕೇ ಎಂಬಲ್ಲಿ ಕಾವೇರಿತು. ಪರ ವಿರೋಧ ಎರಡೂ ಕಡೆಯವರು ಬರಹದ ಅಕ್ಷರಕ್ಕೆ ಜೋತುಬಿದ್ದರು. ವಾಕ್ಯದ ಬಗ್ಗೆ ಭಟ್ಟರು ತೆರೆದಿಟ್ಟ ಬಾಗಿಲಿನೊಳಗೆ ಹೋದವರು ಕಡಿಮೆ.

ಆ ಬಾಗಿಲು ದಾಟಿ ಹೋಗಬೇಕಾದ ಜಾಗ ಚಿಕ್ಕಬಳ್ಳಾಪುರದ ಸೀಮೆ. ಚಿಂತಾಮಣಿಯ ಸಂತೆಯಲ್ಲಿ ಕನ್ನಡ, ತೆಲುಗು ಒಂದೇ ಬಾಯಲ್ಲಿ ಹರಿದಾಡುತ್ತವೆ. ‘ತಂದಿದ್ದು ಯಾರು?’ ಎಂದು ಕೇಳಿದವರೇ ಆಚೆ ತಿರುಗಿ ‘ತೆಚ್ಚಿಂದಿ ಎವರು?’ ಎನ್ನುತ್ತಾರೆ. ಪದ ಬದಲಾಯಿತು, ಗೊತ್ತಿದ್ದದ್ದನ್ನು ಮೊದಲು ಕಟ್ಟಿಟ್ಟು ಕೇಳಬೇಕಾದದ್ದನ್ನು ಕೊನೆಗಿಡುವ ಜೋಡಣೆ ಹಾಗೇ ಉಳಿಯಿತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದಕ್ಕೊಂದು ಹತ್ತಿರವಾಗಿ ಪದಗಳು ಮಾತ್ರ ಬೇರೆಯಾಗಿ ಉಳಿದದ್ದನ್ನು ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಆದರೆ ಅಲ್ಲಿನ ತೀರ್ಮಾನವನ್ನು ಇಲ್ಲಿಗೆ ಹಾಗೇ ತರುವಂತಿಲ್ಲ. ಕನ್ನಡ, ತೆಲುಗು ಮೊದಲೇ ಒಂದೇ ಮನೆತನದವು. ಈ ಹೋಲಿಕೆ ಹುಟ್ಟಿನಿಂದ ಬಂದದ್ದೋ, ಒಡನಾಟದಿಂದ ಬಂದದ್ದೋ ಎಂದು ಒಂದೆರಡು ಉದಾಹರಣೆಯಿಂದ ಹೇಳಲಾಗದು. ತೆಲುಗಿನ ಸೋಂಕಿಲ್ಲದ ಮಲೆನಾಡಿನ ಕನ್ನಡವನ್ನೂ, ಚಿಂತಾಮಣಿಯ ಕನ್ನಡವನ್ನೂ, ಚಿಂತಾಮಣಿಯ ತೆಲುಗನ್ನೂ ಪಕ್ಕಪಕ್ಕ ಇಡಬೇಕು. ಹರಾಜಿನ ಚೌಕಾಸಿ, ಹಾಲಿನ ಡೇರಿಯ ಹರಟೆ, ಜಗಲಿಯ ಜಗಳಗಳನ್ನು ಧ್ವನಿಮುದ್ರಿಸಿ, ಪ್ರತಿ ವಾಕ್ಯಕ್ಕೂ ಅದರ ಹಿಂದಿನ ವಾಕ್ಯ ಯಾವುದು, ಕೇಳುವವರಿಗೆ ಆಗಲೇ ಏನು ಗೊತ್ತಿತ್ತು, ದನಿ ಎಲ್ಲಿ ಏರಿತು ಎಂಬುದನ್ನು ಗುರುತು ಹಾಕಬೇಕು.