ಹುಳುವೂ ಅದರ ವಿಷವೂ

ಆಶ್ವಯುಜದ ಬಿಸಿಲಿಗೆ ಒಂದು ವಿಶೇಷವಾದ ಚುರುಕುಂಟು. ತಿಂಗಳುಗಟ್ಟಲೆ ಮೋಡದ ಮರೆಯಲ್ಲಿದ್ದು, ಒದ್ದೆ ನೆಲಕ್ಕೂ ಜಡಿಮಳೆಯ ಗಾಳಿಗೂ ಒಗ್ಗಿಹೋದ ಮೈಯ ಮೇಲೆ, ಒಂದು ಬೆಳಗ್ಗೆ ತೊಳೆದಿಟ್ಟಂತಹ ಆಕಾಶದಿಂದ ಆ ಬಿಸಿಲು ನೇರವಾಗಿ ಬಿದ್ದೊಡನೆ ಕಣ್ಣು ಉರಿಯತೊಡಗುವುದು, ಬಾಯಿ ಕಹಿಯಾಗುವುದು, ಅಂಗೈ ಅಂಗಾಲು ಕಾಯುವುದು, ಸಣ್ಣ ಮಾತಿಗೂ ಸಿಡುಕು ಬರುವುದು. ಮಳೆಗಾಲದಲ್ಲಿ ಸಂಚಯವಾದ ಪಿತ್ತವು ಶರತ್ತಿನ ಸೂರ್ಯನಿಂದ ಪ್ರಕೋಪಗೊಳ್ಳುವುದೆಂದು ಆಯುರ್ವೇದ ಹೇಳುವ ಮಾತನ್ನು, ಶಾಸ್ತ್ರದ ಹೆಸರನ್ನೂ ಕೇಳಿರದ ನಮ್ಮ ಹಿರಿಯರು ‘ಪಿತ್ತ ಕೆದರಿದೆ’ ಎಂಬ ಎರಡೇ ಪದಗಳಲ್ಲಿ ಮುಗಿಸಿ, ಕೊತ್ತಂಬರಿ ಜೀರಿಗೆಯ ಕಷಾಯವನ್ನು ಮುಂದಿಡುತ್ತಿದ್ದರು.

ಈಗ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಕಣ್ಣುರಿದವನು ‘ನನ್ನದು ಪಿತ್ತಪ್ರಕೃತಿ’ ಎಂದು, ತನ್ನ ಗೋತ್ರವನ್ನೋ ಜನ್ಮನಕ್ಷತ್ರವನ್ನೋ ಹೇಳುವ ಧಾಟಿಯಲ್ಲಿ ಹೇಳಿಕೊಳ್ಳುವನು. ಪಿತ್ತ ಕೆದರುವುದು ಬೇರೆ, ಪಿತ್ತಪ್ರಕೃತಿಯಾಗಿರುವುದು ಬೇರೆ. ಒಂದು ಬಂದು ಹೋಗುವ ವಿಕೃತಿ, ಇನ್ನೊಂದು ಗರ್ಭದಲ್ಲಿಯೇ ನಿಂತು ಮರಣದವರೆಗೆ ಜತೆಗಿರುವ ನಿಜಸ್ವಭಾವ. ಈ ಎರಡನ್ನು ಬೇರ್ಪಡಿಸಿ ನೋಡುವ ಕಣ್ಣು ಬಾರದೆ, ಮೂರು ದೋಷಗಳನ್ನು ತಕ್ಕಡಿಯಲ್ಲಿಟ್ಟು ಸಮಮಾಡಹೊರಡುವುದು ವ್ಯರ್ಥ ಮಾತ್ರವಲ್ಲ, ಅಪಾಯಕರವೆಂದು ಅನುಭವದಿಂದ ಬಲ್ಲೆನಾದುದರಿಂದ ಈ ವಾರ ಅದನ್ನೇ ಕುರಿತು ಬರೆಯುತ್ತಿದ್ದೇನೆ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಒಂದು ಸೊಗಸಾದ ಉಪಮೆಯಿದೆ. ವಿಷದಲ್ಲಿ ಹುಟ್ಟಿದ ಹುಳು ಆ ವಿಷದಿಂದ ಹೇಗೆ ಸಾಯುವುದಿಲ್ಲವೋ, ಹಾಗೆಯೇ ಹುಟ್ಟಿನಿಂದ ಬಂದ ಪ್ರಕೃತಿಯು ಮನುಷ್ಯನನ್ನು ಬಾಧಿಸಲಾರದು ಎಂಬುದು ಅದರ ತಾತ್ಪರ್ಯ. ವಾಗ್ಭಟನೂ ಅಷ್ಟಾಂಗಹೃದಯದ ಮೊದಲ ಅಧ್ಯಾಯದಲ್ಲಿಯೇ ಈ ವಿಷಕ್ರಿಮಿಯ ದೃಷ್ಟಾಂತವನ್ನು ಎತ್ತಿಕೊಂಡಿದ್ದಾನೆ. ಆದರೆ ಚರಕನ ನುಡಿ ಇಷ್ಟು ಸಾಂತ್ವನದ್ದಲ್ಲ. ವಾತ ಪಿತ್ತ ಕಫಗಳು ಮೂರೂ ಸಮವಾಗಿ ಹುಟ್ಟಿದವರು ಮಾತ್ರ ನಿರೋಗಿಗಳು, ಒಂದು ದೋಷದ ಕಡೆಗೆ ವಾಲಿ ಹುಟ್ಟಿದವರು ‘ಸದಾತುರರು’, ಎಂದರೆ ಎಂದಿಗೂ ರೋಗದ ಹೊಸ್ತಿಲಲ್ಲಿರತಕ್ಕವರು, ಎಂದು ಅವನು ಕಟುವಾಗಿಯೇ ಹೇಳುತ್ತಾನೆ. ಹಾಗಾದರೆ ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಆರೋಗ್ಯವೆಂಬುದೇ ಇಲ್ಲವೆ? ಬಹುಕಾಲ ನನ್ನನ್ನು ಕಾಡಿದ ಪ್ರಶ್ನೆ ಇದು. ಈಗ ನನಗೆ ತೋರುವ ಸಮಾಧಾನವೆಂದರೆ, ಇಬ್ಬರೂ ಒಂದೇ ಗೋಡೆಯ ಎರಡು ಮುಖಗಳನ್ನು ನೋಡುತ್ತಿದ್ದಾರೆ ಎಂಬುದು. ವಾಲಿ ಕಟ್ಟಿದ ಗೋಡೆ ವಾಲಿಯೇ ನೂರು ವರ್ಷ ನಿಲ್ಲಬಹುದು, ಅದು ಸುಶ್ರುತನ ಮಾತು. ಆದರೆ ಮಳೆ ಬಲವಾದಾಗ ಅದು ಯಾವ ಕಡೆಗೆ ಬೀಳುವುದೆಂಬುದರಲ್ಲಿ ಸಂದೇಹವಿಲ್ಲ, ಅದು ಚರಕನ ಮಾತು. ಆದುದರಿಂದಲೇ ಅವನು ಸಮಪ್ರಕೃತಿಯವನಿಗೆ ಆರು ರಸಗಳನ್ನೂ ಸಮನಾಗಿ ಸೇವಿಸಲು ಹೇಳಿ, ಉಳಿದವರಿಗೆ ತಮ್ಮ ದೋಷದ ಗುಣಕ್ಕೆ ವಿಪರೀತವಾದ ಆಹಾರವಿಹಾರಗಳನ್ನು ವಿಧಿಸುತ್ತಾನೆ. ವಾಲಿದ ಗೋಡೆಗೆ ಊರೆ ಕೊಡುವುದು ಇದು. ಗೋಡೆಯನ್ನು ಕೆಡವಿ ನೆಟ್ಟಗೆ ಕಟ್ಟುವ ಪ್ರಯತ್ನವಲ್ಲ.

ಪ್ರಕೃತಿಯನ್ನು ಗುರುತಿಸುವ ಬಗೆಯಲ್ಲಿ ಚರಕನನ್ನು ಮೀರಿಸಿದವರಿಲ್ಲ. ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಅವನು ಲಕ್ಷಣಗಳ ಪಟ್ಟಿಯನ್ನು ಒಪ್ಪಿಸದೆ, ಒಂದೊಂದು ಗುಣದಿಂದ ಒಂದೊಂದು ಲಕ್ಷಣವನ್ನು ನಿಷ್ಪನ್ನಮಾಡಿ ತೋರಿಸುತ್ತಾನೆ. ವಾತವು ರೂಕ್ಷವಾದುದರಿಂದ ಒಣಕಲು ಮೈ, ಒಡೆದ ದನಿ, ಹತ್ತದ ನಿದ್ರೆ. ಅದು ಚಲವಾದುದರಿಂದ ಸುಮ್ಮನಿರಲಾರದ ಹುಬ್ಬು, ನಾಲಗೆ, ಕೈಕಾಲು. ಅದು ಶೀಘ್ರವಾದುದರಿಂದ ಬೇಗ ಕಲಿಯುವುದು, ಬೇಗ ಮರೆಯುವುದು. ಅದು ವಿಶದವಾದುದರಿಂದ ನಡೆದಾಗ ಕಟಕಟನೆ ಸದ್ದುಮಾಡುವ ಕೀಲುಗಳು. ಪಿತ್ತದ ಉಷ್ಣತೆಯಿಂದ ಕಾವನ್ನು ತಾಳದ ಮೈ, ಕಾಲಕ್ಕೆ ಮುಂಚೆ ಬರುವ ನೆರೆ ಮತ್ತು ಬೋಳುತಲೆ. ಅದರ ತೀಕ್ಷ್ಣತೆಯಿಂದ ಕಾಯಲಾರದ ಹಸಿವೆ. ದ್ರವತ್ವದಿಂದ ಧಾರಾಳವಾದ ಬೆವರು. ಕಫವು ಮಂದವಾದುದರಿಂದ ನಿಧಾನವಾದ ಊಟ, ನಿಧಾನವಾದ ಮಾತು. ಗುರುವಾದುದರಿಂದ ಜಾರದ ಹೆಜ್ಜೆ. ಅಚ್ಛವಾದುದರಿಂದ ತಿಳಿಯಾದ ಕಣ್ಣು ಮತ್ತು ಕಂಠ. ಈ ಕಾರ್ಯಕಾರಣದ ಎಳೆಯನ್ನು ಒಮ್ಮೆ ಹಿಡಿದವನಿಗೆ ಪಥ್ಯದ ಪಟ್ಟಿಗಳು ಬೇಕಾಗುವುದಿಲ್ಲ. ರೂಕ್ಷಕ್ಕೆ ಸ್ನಿಗ್ಧ, ಶೀತಕ್ಕೆ ಉಷ್ಣ, ಗುರುವಿಗೆ ಲಘು ಎಂಬ ಉತ್ತರ ತಾನಾಗಿ ಹೊಳೆಯುವುದು. ಸುಶ್ರುತನಾದರೋ ಇನ್ನೂ ಒಳಹೊಕ್ಕು ಕನಸುಗಳನ್ನೇ ಸಾಕ್ಷಿಗೆ ಕರೆಯುತ್ತಾನೆ: ವಾತದವನು ನಿದ್ರೆಯಲ್ಲಿ ಆಕಾಶದಲ್ಲಿ ಸಂಚರಿಸುವನು, ಪಿತ್ತದವನಿಗೆ ಚಿನ್ನವೂ ಮುತ್ತುಗದ ಹೂವೂ ಬೆಂಕಿ ಮಿಂಚುಗಳೂ ಕಾಣುವುವು, ಕಫದವನಿಗೆ ತಾವರೆಯೂ ಹಂಸವೂ ತುಂಬಿದ ಕೊಳಗಳು ತೋರುವುವು. ವೈದ್ಯಗ್ರಂಥದೊಳಗೆ ಕವಿಯೊಬ್ಬನು ಕುಳಿತು ಬರೆದ ಭಾಗವೆಂದು ನಾನು ಇದನ್ನು ಮತ್ತೆ ಮತ್ತೆ ಓದುವುದುಂಟು. ವಾಗ್ಭಟನು ವಾತಪ್ರಕೃತಿಯನ್ನು ಹೀನವೆಂದೂ ಪಿತ್ತವನ್ನು ಮಧ್ಯಮವೆಂದೂ ಕಫವನ್ನು ಉತ್ತಮವೆಂದೂ ಶ್ರೇಣಿಮಾಡಿರುವುದು ಮಾತ್ರ ನನಗೆ ರುಚಿಸಿಲ್ಲ. ದೇಹಬಲದ ದೃಷ್ಟಿಯಿಂದ ಅದು ಸರಿಯಿರಬಹುದಾದರೂ, ವಾತದವನ ಚಿತ್ತವು ಗಂಧರ್ವಚಿತ್ತವೆಂದು ಸುಶ್ರುತನೇ ಹೇಳಿರುವಾಗ, ಹೀನವೆಂಬ ಪದವನ್ನು ಹಾಗೆ ಎಸೆಯಬಾರದಿತ್ತು.

ನನ್ನ ಅನುಭವದ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ಫಾಲ್ಗುಣ ಕಳೆದು ಚೈತ್ರ ಮೊದಲಾಗುವ ಸಮಯದಲ್ಲಿ, ಎದೆ ಕಟ್ಟಿ, ತಲೆ ಭಾರವಾಗಿ, ಹಸಿವೆಯಿಲ್ಲದೆ, ಹಗಲೆಲ್ಲ ತೂಕಡಿಕೆ ಹಿಡಿದಿತ್ತು. ಗ್ರಂಥಗಳನ್ನು ತೆರೆದು ಲಕ್ಷಣಗಳನ್ನು ಹೋಲಿಸಿ ನೋಡಿ, ನನ್ನದು ಕಫಪ್ರಕೃತಿಯೆಂದು ನಾನೇ ನಿರ್ಣಯಿಸಿಕೊಂಡೆ. ಮರುದಿನದಿಂದಲೇ ತುಪ್ಪ ಹಾಲುಗಳನ್ನು ಬಿಟ್ಟು, ಖಾರ ಕಹಿ ಒಗರುಗಳನ್ನೇ ಹಿಡಿದು, ನವಣೆ ಹುರುಳಿಗಳ ಒಣ ಊಟವನ್ನು ಶ್ರದ್ಧೆಯಿಂದ ಬೇಸಿಗೆಯುದ್ದಕ್ಕೂ ನಡೆಸಿದೆ. ಮೊದಲ ಹದಿನೈದು ದಿನ ಮೈ ಹಗುರವಾಗಿ, ಶಾಸ್ತ್ರವು ಸಿದ್ಧಿಸಿತೆಂದೇ ಭಾವಿಸಿದೆ. ಆಷಾಢದ ಮೊದಲ ಮಳೆ ಬಿದ್ದು ಗಾಳಿ ಎದ್ದ ವಾರದಲ್ಲಿ ಮಂಡಿ ಮೊಣಕೈಗಳು ಹಿಡಿದುಕೊಂಡವು, ಹೊಟ್ಟೆ ಉಬ್ಬರಿಸಿತು, ಎರಡು ಝಾವದ ಮೇಲೆ ಕಣ್ಣು ಮುಚ್ಚುವುದೇ ನಿಂತುಹೋಯಿತು.

ಮಲೆನಾಡಿನ ಒಬ್ಬ ವೃದ್ಧ ವೈದ್ಯರು ಆಗ ನನ್ನನ್ನು ನೋಡಿದರು. ನಾಡಿಯನ್ನು ಹಿಡಿದುಕೊಂಡೇ ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದಾದರೂ ಆ ಹೊತ್ತಿನ ನೋವಿಗೆ ಸಂಬಂಧಪಟ್ಟುದಾಗಿರಲಿಲ್ಲ. ಹತ್ತು ವರ್ಷದವನಿದ್ದಾಗ ಚಳಿಗಾಲದಲ್ಲಿ ತುಟಿ ಒಡೆಯುತ್ತಿತ್ತೆ? ಊಟ ಒಂದು ಗಳಿಗೆ ತಡವಾದರೆ ಕೋಪ ಬರುತ್ತಿತ್ತೆ, ನಿಶ್ಶಕ್ತಿ ಬರುತ್ತಿತ್ತೆ, ಅಥವಾ ನೆನಪೇ ಇರುತ್ತಿರಲಿಲ್ಲವೆ? ಪಾಠವನ್ನು ಬಾಯಿಗೆ ಕಲಿತದ್ದು ವರ್ಷದ ಕೊನೆಯವರೆಗೆ ನಿಲ್ಲುತ್ತಿತ್ತೆ? ಎಲ್ಲಕ್ಕೂ ಉತ್ತರ ಕೇಳಿದ ಮೇಲೆ, ನಾನು ವಾತಪಿತ್ತದವನೆಂದೂ, ಚೈತ್ರದಲ್ಲಿ ಕಂಡ ಕಫವು ನನ್ನದಲ್ಲ, ಋತುವಿನದೆಂದೂ ಹೇಳಿದರು. ಶಿಶಿರದಲ್ಲಿ ಮೈಯೊಳಗೆ ಗಡ್ಡೆಗಟ್ಟಿದ ಕಫವು ವಸಂತದ ಬಿಸಿಲಿಗೆ ಕರಗಿ ಹರಿದು ಜಠರಾಗ್ನಿಯನ್ನು ನಂದಿಸುವುದು ಎಲ್ಲರಲ್ಲಿಯೂ ನಡೆಯತಕ್ಕ ಕಾರ್ಯ. ಅದಕ್ಕೆ ಬೇಕಾದುದು ಹದಿನೈದು ದಿನಗಳ ಲಘುವಾದ ಊಟ, ನಾಲ್ಕು ತಿಂಗಳ ವ್ರತವಲ್ಲ. ಗ್ರೀಷ್ಮದ ರೂಕ್ಷತೆಯಿಂದ ಸಹಜವಾಗಿಯೇ ವಾತವು ಕೂಡಿಕೊಳ್ಳುತ್ತಿರುವಾಗ ಅದರ ಮೇಲೆ ನನ್ನ ಒಣ ಪಥ್ಯವನ್ನು ಹೇರಿದ್ದೆ. ಬಿಸಿಲ ಕಾವು ಅದನ್ನು ಅದುಮಿ ಹಿಡಿದಿತ್ತು, ಮಳೆಯ ಶೈತ್ಯ ತಾಕಿದೊಡನೆ ಅದು ಕೆರಳಿತು. ಪ್ರಕೃತಿಯನ್ನು ತಿಳಿಯಬೇಕಾದವನು ರೋಗದ ದಿನವನ್ನಲ್ಲ, ಬಾಲ್ಯದಿಂದ ಹಿಡಿದು ನೆಮ್ಮದಿಯಾಗಿದ್ದ ದಿನಗಳನ್ನು ಸ್ಮರಿಸಿಕೊಳ್ಳಬೇಕೆಂಬುದನ್ನು ನಾನು ಕಲಿತದ್ದು ಹೀಗೆ.

ಅದೂ ಸಾಲದು. ಚರಕನು ರೋಗಿಯ ಪರೀಕ್ಷೆಗೆ ಹತ್ತು ಅಂಗಗಳನ್ನು ಹೇಳುವಲ್ಲಿ ಪ್ರಕೃತಿಯು ಮೊದಲನೆಯದು ಮಾತ್ರ. ಅದರ ಹಿಂದೆ ವಿಕೃತಿ, ಧಾತುಗಳ ಸಾರ, ಮೈಕಟ್ಟು, ಪ್ರಮಾಣ, ಸಾತ್ಮ್ಯ, ಸತ್ತ್ವ, ಉಣ್ಣುವ ಶಕ್ತಿ, ದುಡಿಯುವ ಶಕ್ತಿ, ವಯಸ್ಸು ಇವಿಷ್ಟೂ ಬರುವುವು. ಕಫದವನಾದರೂ ಅರುವತ್ತು ದಾಟಿದ ಮೇಲೆ ಅವನ ಮೈಯಲ್ಲಿ ವಾತದ ಕಾಲ ಮೊದಲಾಗುತ್ತದೆ. ವಾತದ ಮಗುವಾದರೂ ಬಾಲ್ಯದ ಕಫದಿಂದ ಮೂಗು ಸುರಿಸಿಯೇ ಸುರಿಸುತ್ತದೆ. ದಿನವೊಂದರಲ್ಲಿಯೂ, ರಾತ್ರಿಯೊಂದರಲ್ಲಿಯೂ, ಉಂಡ ಅನ್ನವು ಅರಗುವುದರಲ್ಲಿಯೂ ಮೊದಲು ಕಫ, ನಡುವೆ ಪಿತ್ತ, ಕೊನೆಗೆ ವಾತ ಎಂಬ ಈ ಮೂರು ಹೆಜ್ಜೆಗಳೇ ಮರಳಿ ಮರಳಿ ಬೀಳುವುವು. ಇವೆಲ್ಲದರ ನಡುವೆ ಸಾಮಾನ್ಯನು ದಿನವೂ ತಾನಾಗಿ ನೋಡಿಕೊಳ್ಳಬಹುದಾದ ಒಂದೇ ಒಂದು ಗುರುತನ್ನು ಹೇಳೆಂದು ನನ್ನನ್ನು ಕೇಳಿದರೆ, ಹಸಿವೆ ಎನ್ನುತ್ತೇನೆ. ವಾತದವನ ಅಗ್ನಿ ವಿಷಮ: ಒಂದು ದಿನ ಕಲ್ಲನ್ನೂ ಕರಗಿಸುವುದು, ಮರುದಿನ ಗಂಜಿಯನ್ನೂ ಒಲ್ಲದು. ಪಿತ್ತದವನದು ತೀಕ್ಷ್ಣ, ಕಫದವನದು ಮಂದ. ತನ್ನ ಅಗ್ನಿಯ ವಾಡಿಕೆಯನ್ನು ಬಲ್ಲವನಿಗೆ ಅದು ವಾಡಿಕೆ ತಪ್ಪಿದ ದಿನವೂ ಗೊತ್ತಾಗುತ್ತದೆ. ಹೊಟ್ಟೆಯ ನಾಲ್ಕು ಪಾಲುಗಳಲ್ಲಿ ಎರಡನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು, ಒಂದನ್ನು ಬರಿದಾಗಿ ಬಿಡಬೇಕೆಂಬ ವಾಗ್ಭಟನ ಅಳತೆ ಮೂವರಿಗೂ ಸಮಾನ. ಬಹುದಿನ ಉಳಿದ ಬೇನೆಗೆ ಮಾತ್ರ ಈ ಸ್ವಯಂಪರೀಕ್ಷೆಯನ್ನು ನಚ್ಚದೆ ವೈದ್ಯನಲ್ಲಿಗೆ ಹೋಗತಕ್ಕದ್ದು.

ನಮ್ಮ ಅಡಿಗೆಮನೆಗಳು ಈ ವಿದ್ಯೆಯನ್ನು ಎಷ್ಟು ಸಹಜವಾಗಿ ಬಲ್ಲವು ಎಂಬುದನ್ನು ನೆನೆದರೆ ಹೃದಯ ತುಂಬಿಬರುತ್ತದೆ. ಸಂಕ್ರಾಂತಿಯ ಚಳಿಯಲ್ಲಿ ಎಳ್ಳು ಬೆಲ್ಲ ಕೊಬ್ಬರಿಗಳ ಸ್ನಿಗ್ಧತೆ, ಯುಗಾದಿಯ ಬೇವು, ರಾಮನವಮಿಯ ಪಾನಕ; ಒಂದೆಲಗವನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಜೀರಿಗೆ ಮೆಣಸಿನ ಒಗ್ಗರಣೆ ಕೊಟ್ಟ ಮಲೆನಾಡಿನ ತಂಬುಳಿ. ತುಳುನಾಡಿನಲ್ಲಿ ಆಟಿಯ ಅಮಾವಾಸ್ಯೆಯಂದು ಹೊತ್ತು ಮೂಡುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅದರ ಕಡುಕಹಿಯಾದ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿದು, ಅದು ಮೈಗೆ ಉಷ್ಣವಾದೀತೆಂದು ಮೇಲಿಂದ ಮೆಂತೆಯ ಗಂಜಿಯನ್ನು ಉಣ್ಣುತ್ತಾರಲ್ಲ, ಔಷಧವನ್ನೂ ಅದರ ತೀಕ್ಷ್ಣತೆಗೆ ಪ್ರತೀಕಾರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸುವ ಆ ವಿವೇಕ ಅಸಾಮಾನ್ಯವಾದುದು. ಹಾಗೆಂದು ನಮ್ಮ ಹಬ್ಬಗಳೆಲ್ಲವೂ ಸಂಹಿತೆಗಳ ಪಡಿಯಚ್ಚೆಂದು ಹೇಳುವವರನ್ನು ನಾನು ಒಪ್ಪಲಾರೆ. ಶರತ್ತಿನಲ್ಲಿ ಎಣ್ಣೆಯನ್ನು ತೊರೆಯೆಂದು ಚರಕನೂ ವಾಗ್ಭಟನೂ ಹೇಳಿರುವ ಕಾಲದಲ್ಲಿಯೇ ನರಕಚತುರ್ದಶಿಯ ಎಣ್ಣೆನೀರು ಬರುತ್ತದೆ. ಆಚಾರಕ್ಕೆ ತನ್ನದೇ ಆದ ಬೇರೆ ಬೇರುಗಳುಂಟು.

ಶಾಸ್ತ್ರವೂ ನಾಡಿಗೆ ತಕ್ಕಂತೆ ಬಾಗಿದೆ. ವಾತಕ್ಕೆ ತೈಲ, ಪಿತ್ತಕ್ಕೆ ತುಪ್ಪ, ಕಫಕ್ಕೆ ಜೇನು ಪರಮೌಷಧವೆಂದು ವಾಗ್ಭಟನ ಮತ. ಒಂಬತ್ತನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನು ಸಂಸ್ಕೃತದಲ್ಲಿ ರಚಿಸಿದ ಜೈನಮುನಿ ಉಗ್ರಾದಿತ್ಯನಿಗೆ ಮದ್ಯಮಾಂಸಗಳೊಡನೆ ಮಧುವೂ ವರ್ಜ್ಯ. ಮೂರು ದೋಷಗಳಲ್ಲಿ ಒಂದಕ್ಕೆ ಹೇಳಿದ ಶ್ರೇಷ್ಠವಾದ ದ್ರವ್ಯವನ್ನೇ ಕೈಬಿಟ್ಟೂ ಒಂದು ಸಂಪೂರ್ಣ ವೈದ್ಯಪದ್ಧತಿಯನ್ನು ಕಟ್ಟಿದ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕಲ್ಯಾಣಕಾರಕವೆಂಬ ಹೆಸರಿನಲ್ಲಿಯೇ ಕನ್ನಡದಲ್ಲಿ ವೈದ್ಯವನ್ನು ಬರೆದನು. ಒಂದು ದ್ರವ್ಯವಿಲ್ಲದಿದ್ದರೆ ಗುಣವನ್ನು ನೋಡಿ ಇನ್ನೊಂದನ್ನು ಹುಡುಕಬಹುದೆಂಬುದಕ್ಕೆ ಇವರೇ ಪ್ರಮಾಣ.

ನನ್ನ ವೃದ್ಧ ವೈದ್ಯರು ಕೊಟ್ಟ ಚಿಕಿತ್ಸೆಯಲ್ಲಿ ಔಷಧ ಅಲ್ಪ, ಕ್ರಮ ಬಹಳ. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಬಿಡದೆ ಕಾಲುಪಾಲಿನಷ್ಟು ಬಿಟ್ಟು, ಹಿತವಾದುದನ್ನು ಕಾಲುಪಾಲಿನಷ್ಟು ಹಿಡಿದು, ನಡುವೆ ದಿನಗಳ ಅಂತರವನ್ನಿಟ್ಟು ಮುಂದುವರಿಯಬೇಕೆಂಬ ಚರಕನ ಪಾದಾಂಶಿಕ ಕ್ರಮವನ್ನು ಅವರು ಅಕ್ಷರಶಃ ಪಾಲಿಸಿದರು. ಒಂದು ಚಮಚ ತುಪ್ಪ ಮರಳಿ ಬಂತು. ಕೆಲವು ದಿನಗಳ ಮೇಲೆ ಎರಡು. ಸಂಜೆಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ನೆತ್ತಿಗೂ ಕಿವಿಗೂ ಅಂಗಾಲಿಗೂ ಬಿತ್ತು. ಬೇಗ ಗುಣವಾಗಬೇಕೆಂದು ನಾನು ಆತುರಪಟ್ಟಾಗ, ಆತುರವೂ ವಾತದ ಲಕ್ಷಣವೇ ಎಂದರು. ಭಾದ್ರಪದ ಕಳೆಯುವ ಹೊತ್ತಿಗೆ ನಿದ್ರೆ ಮರಳಿತು.

ಈಗ ಶರತ್ತು. ಹೆಸರುಬೇಳೆ, ಪಡವಲ, ನೆಲ್ಲಿ, ತುಪ್ಪ ಮುಂದಕ್ಕೆ ಬಂದಿವೆ. ಮೊಸರು ಹಿಂದಕ್ಕೆ ಸರಿದಿದೆ. ಹಗಲಿನ ಬಿಸಿಲಿನಲ್ಲಿ ಕಾದು, ಇರುಳಿನ ಚಂದ್ರಿಕೆಯಲ್ಲಿ ತಣಿದು, ಅಗಸ್ತ್ಯನಕ್ಷತ್ರದ ಉದಯದಿಂದ ನಿರ್ವಿಷವಾದ ಈ ಋತುವಿನ ನೀರಿಗೆ ಪ್ರಾಚೀನರು ಹಂಸೋದಕವೆಂದು ಹೆಸರಿಟ್ಟು, ಸ್ನಾನಕ್ಕೂ ಪಾನಕ್ಕೂ ಅದನ್ನು ಅಮೃತಸಮಾನವೆಂದು ಹೊಗಳಿದ್ದಾರೆ. ಕೆರೆಯೂ ಕೊಳವೂ ನಮ್ಮ ಬಡಾವಣೆಯಲ್ಲಿಲ್ಲದಿರುವುದರಿಂದ, ಹಗಲೆಲ್ಲ ಅಂಗಳದಲ್ಲಿ ಬಿಸಿಲು ಕಂಡ ನೀರಿನ ಮಡಕೆಯನ್ನು ರಾತ್ರಿಯೂ ಅಲ್ಲಿಯೇ ಬಿಟ್ಟು, ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಿರುತ್ತೇನೆ. ಬೆಳಗ್ಗೆ ಮನೆಯ ಎಲ್ಲರೂ ಅದನ್ನೇ ಕುಡಿಯುತ್ತೇವೆ. ಎಂಬತ್ತು ಸಮೀಪಿಸಿದ ನನ್ನ ಅತ್ತಿಗೆಗೆ ಮಾತ್ರ ಅದನ್ನು ತುಸು ಬೆಚ್ಚಗೆ ಮಾಡಿ ಕೊಡಬೇಕಾಗುತ್ತದೆ. ಅವರ ವಾತಕ್ಕೆ ತಣ್ಣೀರು ಶರತ್ತಿನಲ್ಲಿಯೂ ಆಗದು.